ಅಂಜುಬುರುಕಿ ಸಿಸ್ಟರ್

ಸೋಪು ಹಚ್ಚಿ ತೊಳೆದೂ ತೊಳೆದೂ ಬಿಳಿಚಿಕೊಂಡ ಬೆರಳುಗಳು, ಬುಡಮಟ್ಟ ಕತ್ತರಿಸಿದ ಉಗುರುಗಳು. ಆ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ದಪ್ಪ ಸೊಂಟವನ್ನು ಕಷ್ಟಪಟ್ಟು ಬಗ್ಗಿಸಿ, ಅವರು ಕೂಸನ್ನು ನೋಡುತ್ತಿದ್ದರು. ಮುಟ್ಟುತ್ತಿರಲಿಲ್ಲ. ಬಳೆ ಅಂಗಡಿಗೆ ಹೋದಾಗ ಮಕ್ಕಳಿಗೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲು ಎನ್ನುತ್ತೇವಲ್ಲ, ಥೇಟ್ ಹಾಗೆ. ಬಟ್ಟೆ ಬಿಚ್ಚಿದ ಕೂಸಿನ ಎದೆ ಏರುವುದು, ಇಳಿಯುವುದು, ಹೊಟ್ಟೆ ಉಬ್ಬುವುದು, ಮೂಗಿನ ಹೊಳ್ಳೆ ಅಗಲವಾಗುವುದು, ಇಷ್ಟನ್ನೇ ನೋಡುತ್ತ ನಿಂತುಬಿಡುವರು. ಹೊರಗೆ ಬಾಗಿಲು ಬಡಿದರೂ ತಲೆ ಎತ್ತುತ್ತಿರಲಿಲ್ಲ. ಯಾಕೆ ಎತ್ತಿಕೊಳ್ಳುವುದಿಲ್ಲ ಎಂದು ಯಾರಾದರೂ ಕೇಳಿದರೆ, ಮುಟ್ಟಿದರೆ ಅದು ಅಳುತ್ತದೆ, ಅತ್ತ ಮೇಲೆ ಉಸಿರಿನ ಲೆಕ್ಕ ಸಿಗುವುದಿಲ್ಲ ಎನ್ನುತ್ತಿದ್ದರು.

ಹಾವೇರಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಅವರು ಹಿರಿಯ ನರ್ಸ್. ಊರು ರಾಣೆಬೆನ್ನೂರು. ಮದುವೆಯಾಗಿರಲಿಲ್ಲ, ತಂಗಿಯ ಮನೆಯಲ್ಲಿದ್ದರು. ದಿನಾ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಬಂದು, ಸಂಜೆ ಸಿಕ್ಕ ಬಸ್ಸಿಗೆ ಹೋಗುವರು. ನಾವೆಲ್ಲ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದೆವು. ನಾನು ಬ್ಯಾಡಗಿಯವಳು, ಅಲ್ಲೇ ಸಮೀಪದ ಹಳ್ಳಿಯ ಕನ್ನಡ ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಅಂಜಿಕೆ ಮಾತ್ರ ಎರಡೂ ಕಡೆ ಒಂದೇ. ಹುಟ್ಟಾ ಅಂಜುಬುರುಕಿ ನಾನು. ಗುಡುಗಿದರೆ ಅಂಜಿಕೆ, ಇನ್‌ಸ್ಪೆಕ್ಟರ್ ಬಂದರೆ ಅಂಜಿಕೆ, ಮೊದಲ ಬಸುರಿನಲ್ಲಂತೂ ಕೂಸು ಒದ್ದರೂ ಅಂಜಿಕೆ, ಒದೆಯದಿದ್ದರೂ ಅಂಜಿಕೆ. ನನ್ನ ಗಂಡ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಗದೆ ಕೇಳಿಸಿಕೊಂಡವರು ದೊಡ್ಡ ಸಿಸ್ಟರ್ ಒಬ್ಬರೇ.

ಧೈರ್ಯ ಹೇಳಿ ಬೆನ್ನು ತಟ್ಟುವ ಪೈಕಿಯವರಲ್ಲ ಅವರು. ಮುಖ ಸದಾ ಗಂಟು. ಬ್ಯಾಡಗಿಯ ಗಂಡಸರೆಂದರೆ ಅವರಿಗೆ ಆಗುತ್ತಲೇ ಇರಲಿಲ್ಲ. ಮೆಣಸಿನಕಾಯಿ ಪೇಟೆಯಿಂದ ನೇರ ಎದ್ದು ಬಂದವರ ಅಂಗಿಯಲ್ಲಿ ಆ ಘಾಟು ಕೂತಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅವರು ಬಾಗಿಲಲ್ಲೇ ತಡೆದು, ಮುಖ ಕೈಕಾಲು ತೊಳೆಸಿ, ಗೂಟಕ್ಕೆ ನೇತುಹಾಕಿದ್ದ ಒಗೆದ ಅಂಗಿ ಕೊಟ್ಟು, ಅದನ್ನು ಹಾಕಿಕೊಂಡ ಮೇಲೆಯೇ ಒಳಗೆ ಬಿಡುತ್ತಿದ್ದರು. ಮಾರುಕಟ್ಟೆಯಲ್ಲಿ ಮೀಸೆ ತಿರುವುವ ದಲಾಲರು ಆ ಬಿಗಿ ಅಂಗಿಯಲ್ಲಿ ಗುಂಡಿ ಹಾಕಲಾರದೆ, ಉಸಿರು ಬಿಗಿ ಹಿಡಿದು ಮೊಮ್ಮಗನ ಮುಖ ನೋಡುವುದನ್ನು ನಾನೇ ಕಂಡಿದ್ದೇನೆ. ನಗು ಬಂದರೂ ನಗುವಂತಿರಲಿಲ್ಲ.

ಬಾಣಂತಿಯರಿಗೆ ಅವರು ಹೇಳುವ ಪಾಠವೂ ಹಾಗೇ, ಮುಖಕ್ಕೆ ಹೊಡೆದಂತೆ. ಊಟಕ್ಕೆ ಕೂತವರ ಮುಂದೆಯೇ ಬಂದು, ಕೂಸು ಕರಿ ಹೇಲು ಹೋಯಿತೋ ಇಲ್ಲವೋ ಎಂದು ಕೇಳುವರು. ಕಕ್ಕಿದರೆ ಯಾವ ಬಣ್ಣ ಎಂದು ಕೇಳುವರು. “ಹಾಲು ಕಕ್ಕಿದ್ರ ಒರಸ್ರಿ. ಹಸರ ಕಕ್ಕಿದ್ರ ಕೂಸಿನ್ನ ಎತ್ತಿಕೊಂಡು ಓಡಿ ಬರ್ರಿ, ಚಪ್ಪಲಿ ಸೈತ ಹಾಕ್ಕೋಬ್ಯಾಡ್ರಿ,” ಇದು ಅವರ ಖಾಯಂ ಮಾತು. ಒಮ್ಮೆ ನಾನು ತಪಾಸಣೆಗೆ ಹೋಗಿದ್ದಾಗ ವಾರ್ಡಿನಲ್ಲಿ ಒಬ್ಬ ಅಜ್ಜಿ, ತನ್ನ ಮೊಮ್ಮಗ ಮಲಗಿದಲ್ಲೇ ಹುಂ ಹುಂ ಅಂತ ಹಾಡುತ್ತಿದ್ದಾನೆಂದು ಎಲ್ಲರಿಗೂ ಕರೆದು ತೋರಿಸುತ್ತಿದ್ದಳು. ದೊಡ್ಡ ಸಿಸ್ಟರ್ ಕೈಯಲ್ಲಿದ್ದ ಟ್ರೇ ಅಲ್ಲೇ ಇಟ್ಟು ಓಡಿ ಬಂದರು. ಕೂಸು ಪ್ರತಿ ಉಸಿರು ಬಿಡುವಾಗಲೂ ನರಳುತ್ತಿತ್ತು, ಅದು ಹಾಡಾಗಿರಲಿಲ್ಲ. ಆ ಕೂಸಿಗೆ ಹೊತ್ತಿಗೆ ಸರಿಯಾಗಿ ಆಕ್ಸಿಜನ್ ಸಿಕ್ಕಿತು. 

ನನ್ನ ಹೊಟ್ಟೆಯಲ್ಲಿ ನೀರು ಹೆಚ್ಚಿದೆ ಎಂದು ಸ್ಕ್ಯಾನಿಂಗಿನಲ್ಲಿ ಗೊತ್ತಾಗಿತ್ತು. ಹಾಗಿದ್ದರೆ ಕೆಲವೊಮ್ಮೆ ಕೂಸಿನ ಅನ್ನನಾಳದಲ್ಲಿ ತೊಂದರೆ ಇರಬಹುದು, ಹುಟ್ಟಿದ ಮೇಲೆ ಸರಿಯಾಗಿ ನೋಡಿಯೇ ಹಾಲು ಕೊಡೋಣ ಎಂದು ಡಾಕ್ಟರಮ್ಮ ಹೇಳಿದ್ದರು. ಮಾಘದ ಬಿಸಿಲಿನ ಒಂದು ಬೆಳಿಗ್ಗೆ ಮಗಳು ಹುಟ್ಟಿದಳು. ಗಟ್ಟಿಯಾಗಿ ಅತ್ತಳು, ಮೈಯೆಲ್ಲ ಕೆಂಪಗಿತ್ತು. ಅಷ್ಟರಲ್ಲಿ ಇನ್ನೊಬ್ಬಳಿಗೆ ತುರ್ತು ಆಪರೇಷನ್ ಬಂತು. ಡಾಕ್ಟರಮ್ಮನೂ ದೊಡ್ಡ ಸಿಸ್ಟರೂ ಆ ಕಡೆ ಓಡಬೇಕಾಯಿತು. ಹೋಗುವಾಗ ಸಿಸ್ಟರ್ ಬಾಗಿಲಲ್ಲಿ ತಿರುಗಿ, ತಾವು ಬರುವತನಕ ಕೂಸಿನ ಬಾಯಿಗೆ ಏನನ್ನೂ ಹಾಕಕೂಡದು, ಒಂದು ಹನಿ ನೀರೂ ಬೇಡ ಎಂದು ಎರಡು ಸಲ ಹೇಳಿ ಹೋದರು.

ನನ್ನ ಹತ್ತಿರ ಇದ್ದವಳು ಆಪಾ, ಗಂಡನ ಅಕ್ಕ. ಕರ್ಜಗಿಗೆ ಕೊಟ್ಟ ಹೆಣ್ಣು, ಮಾತಿನ ಮಲ್ಲಿ. ಕೂಸಿನ ಬಾಯಿಯಿಂದ ಬಿಳಿ ಬುರುಗು ಬರತೊಡಗಿತು. ಸಣ್ಣ ಸಣ್ಣ ಗುಳ್ಳೆ, ಒಂದರ ಮೇಲೊಂದು. ಆಪಾಗೆ ಹಿಗ್ಗೋ ಹಿಗ್ಗು. ನಮ್ಮ ಕಡೆ ಕೂಸು ಬಾಯಲ್ಲಿ ಬುರುಗು ಬುರುಗು ಮಾಡಿದರೆ ಮಳೆ ಬರುತ್ತದೆ ಎನ್ನುತ್ತಾರೆ. ಹುಟ್ಟಿದ ದಿನವೇ ಮಳೆ ಕರೆಯುವ ಹುಡುಗಿ ಎಂದು ಅವಳು ಒರೆಸಿದಳು, ಮತ್ತೆ ಬಂತು, ಮತ್ತೆ ಒರೆಸಿದಳು. ಅಷ್ಟಕ್ಕೆ ನಿಲ್ಲದೆ ಅಬ್ಬಾಗೆ ಫೋನು ಮಾಡಿದಳು. ಅಬ್ಬಾ ಎಂದರೆ ನನ್ನ ಮಾವ. ಬ್ಯಾಡಗಿಯಲ್ಲಿ ಗೋಣಿಚೀಲದ ಅಂಗಡಿ, ಹರೆಯದಲ್ಲಿ ಪೈಲ್ವಾನಕಿ ಮಾಡಿದ ಆಳು. ಆಗ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದ್ದರು. ಮೊಮ್ಮಗಳು ಮಳೆ ತರುತ್ತಿದ್ದಾಳೆಂದು ಕೇಳಿ, ನಿರಭ್ರ ಆಕಾಶದ ಕೆಳಗೆ, ನಗುನಗುತ್ತಲೇ ಮಾಳಿಗೆ ಹತ್ತಿ ತಾಡಪಾಲು ಹೊದಿಸಿದರಂತೆ. ಅಷ್ಟೊತ್ತಿಗೆ ಹಾವೇರಿ ಬಸ್ಸು ತಪ್ಪಿತು. ತಪ್ಪಿದ್ದು ಒಳ್ಳೆಯದೇ ಆಯಿತು, ಅವರ ಕಿಸೆಯಲ್ಲಿ ಜೇನಿನ ಶೀಶೆ ಇತ್ತು.

ಈ ಜೇನಿನ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿಗೆ ಮೊದಲ ರುಚಿ ತೋರಿಸುವುದು ಮನೆಯ ಹಿರಿಯರು. ಬೆರಳ ತುದಿಯಲ್ಲಿ ಒಂದು ಹನಿ ಜೇನು. ಯಾರು ತೋರಿಸುತ್ತಾರೋ ಅವರ ಗುಣ ಕೂಸಿಗೆ ಬರುತ್ತದೆ ಎಂಬ ನಂಬಿಕೆ. ಅಬ್ಬಾ ತಮ್ಮ ಎಲ್ಲ ಮೊಮ್ಮಕ್ಕಳಿಗೂ ತಾವೇ ತೋರಿಸಿದ್ದರು, ನಮ್ಮ ಮನೆಯ ಒಂದು ಮಗುವೂ ಹೇಡಿಯಲ್ಲ ಎಂದು ಪೇಟೆಯೆಲ್ಲ ಹೇಳಿಕೊಳ್ಳುತ್ತಿದ್ದರು. ಸೊಸೆ ಅಂಜುಬುರುಕಿ ಆದ್ದರಿಂದ ಈ ಸಲ ಎರಡು ಹನಿ ಹಾಕುತ್ತೇನೆ ಎಂದು ನನ್ನೆದುರೇ ಚೇಷ್ಟೆ ಮಾಡಿದ್ದರು.

ದೊಡ್ಡ ಸಿಸ್ಟರ್ ಆಪರೇಷನ್ ಮುಗಿಸಿ ಬಂದಾಗ ಆಪಾ ಮಳೆಯ ಸುದ್ದಿಯನ್ನು ಅವರಿಗೂ ಹೇಳಿದಳು.  ಅವರು ಮೊದಲು ಆಪಾಳ ಕೈಯಿಂದ ಒರೆಸುವ ಬಟ್ಟೆ ಇಸಿದುಕೊಂಡರು. ಹಿಂಡಿದರು. ಹನಿ ತೊಟ್ಟಿಕ್ಕಿತು. ಇದೇ ಒಂದು ಬಟ್ಟೆಯೋ, ಬೇರೆಯವೂ ಇವೆಯೋ ಎಂದು ಕೇಳಿದರು. ಇನ್ನೂ ಎರಡು ತೋಯ್ದು ಮಂಚದ ಕೆಳಗೆ ಬಿದ್ದಿದ್ದವು. ಆಮೇಲೆ ಕೂಸಿನ ಬಟ್ಟೆ ಬಿಚ್ಚಿ, ಕೈ ಹಿಂದೆ ಕಟ್ಟಿಕೊಂಡು ನೋಡುತ್ತ ನಿಂತರು. ನಾನೂ ಮೊಣಕೈ ಊರಿ ಎದ್ದು ನೋಡಿದೆ. ಪ್ರತಿ ಉಸಿರಿಗೂ ಎದೆಗೂಡಿನ ಕೆಳಗೆ ಒಂದು ಗುಳಿ ಬೀಳುತ್ತಿತ್ತು. ತುಟಿಯ ಸುತ್ತ ಮಂಕು ನೀಲಿ. ಹೊಟ್ಟೆ ಉಬ್ಬಿತ್ತು. ಸಿಸ್ಟರ್ ಸಕ್ಷನ್ ಕೊಳವೆ ಹಾಕಿ ಬಾಯೊಳಗಿನ ನೀರು ಎಳೆದರು, ಕೆಂಪು ಬಣ್ಣ ಮರಳಿತು. ಸ್ವಲ್ಪ ಹೊತ್ತಿಗೆ ಬುರುಗು ಮತ್ತೆ ಬಂತು, ನೀಲಿಯೂ ಬಂತು. ಆಪಾ ಇನ್ನೂ ಮಳೆ ಎನ್ನುತ್ತಿದ್ದಳು.

“ಮಳಿ ತರೋ ಕೂಸಿಗೆ ನಾಕ ತಿಂಗಳರ ಆಗಿರ್ತಾವ್ರಿ,” ಎಂದರು ಸಿಸ್ಟರ್. “ಇಕಿ ಉಗುಳು ನುಂಗಾಕ ಆಗದ ಒದ್ದಾಡಾಕತ್ತಾಳ.”

ಆಪಾ ಅಲ್ಲೇ ಮಂಚದ ಕಾಲು ಹಿಡಿದು ಕುಸಿದಳು.  ಅದೇ ಗಳಿಗೆಗೆ ಅಬ್ಬಾ ಬಂದರು, ಆಸ್ಪತ್ರೆಯ ಆ ಬಿಗಿ ಅಂಗಿಯಲ್ಲಿ, ಕೈಯಲ್ಲಿ ಜೇನಿನ ಶೀಶೆ, ಮುಖದ ತುಂಬ ಸಂಭ್ರಮ. ಅವರು ಮುಚ್ಚಳ ತಿರುಗಿಸುತ್ತಿದ್ದಂತೆಯೇ ದೊಡ್ಡ ಸಿಸ್ಟರ್ ನಡುವೆ ಬಂದು ನಿಂತರು. ಈಗ ಒಂದು ಹನಿ ಹಾಕಿದರೂ ಅದು ಹೊಟ್ಟೆಗೆ ಹೋಗುವುದಿಲ್ಲ, ಉಸಿರಿನ ದಾರಿಗೆ ಹೋಗುತ್ತದೆ ಎಂದರು. ಅಬ್ಬಾಗೆ ಸಿಟ್ಟು ಬಂತು. ಮುತ್ತಜ್ಜನ ಕಾಲದಿಂದ ನಡೆದು ಬಂದದ್ದು, ಜೇನು ನೆಕ್ಕಿ ಯಾವ ಕೂಸು ಸತ್ತಿದೆ ತೋರಿಸಿ ಎಂದು ಧ್ವನಿ ಏರಿಸಿದರು. ಪೈಲ್ವಾನನ ಎದೆ ಅದು, ಇಡೀ ಕೋಣೆ ತುಂಬಿತ್ತು. ಸಿಸ್ಟರ್ ಅವರ ಭುಜದ ಎತ್ತರಕ್ಕೂ ಬರುತ್ತಿರಲಿಲ್ಲ.

“ಯಜಮಾನ್ರ, ನಂಗ ಅಂಜಿಕಿ ಆಗೇತ್ರಿ,” ಎಂದರು.

ಅಷ್ಟೇ. ಜೋರು ಮಾಡಲಿಲ್ಲ, ವಾದ ಮಾಡಲಿಲ್ಲ. ಅಬ್ಬಾ ಅವರ ಮುಖ ನೋಡಿದರು. ಸುಳ್ಳು ಹೇಳುವ ಮುಖವಲ್ಲ ಅದು, ಬೆವರು ಹಣೆಯಿಂದ ಗಲ್ಲಕ್ಕೆ ಇಳಿದಿತ್ತು. ಆಸ್ಪತ್ರೆಯವರು ಅಂಜಿದ್ದೇವೆ ಎಂದು ಹೇಳುವುದನ್ನು ಅಬ್ಬಾ ಜೀವಮಾನದಲ್ಲಿ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವರು ಶೀಶೆಯ ಮುಚ್ಚಳ ಬಿಗಿದು, ಕಿಸೆಗೆ ಹಾಕಿ, ಗೋಡೆಗೆ ಒರಗಿ ನಿಂತರು.

ಮುಂದಿನದು ನನಗೆ ತುಣುಕು ತುಣುಕಾಗಿ ನೆನಪಿದೆ. ಒಂದು ತೆಳು ಕೊಳವೆಯನ್ನು ಸಿಸ್ಟರ್ ಕೂಸಿನ ಮೂಗಿನಿಂದ ಕಿವಿಗೆ, ಕಿವಿಯಿಂದ ಹೊಟ್ಟೆಗೆ ಹಿಡಿದು ಅಳೆದು, ಬಾಯಿಯೊಳಗೆ ನಿಧಾನ ಇಳಿಸಿದರು. ಸ್ವಲ್ಪ ದೂರ ಹೋಗಿ ನಿಂತಿತು. ಹಿಂದಕ್ಕೆಳೆದು ಇನ್ನೊಮ್ಮೆ ಇಳಿಸಿದರು. ಈ ಸಲ ಅದರ ತುದಿ ಸುತ್ತಿಕೊಂಡು ಬಾಯಿಗೇ ವಾಪಸು ಬಂತು. ಮೂರನೆಯ ಸಲ ಪ್ರಯತ್ನಿಸಲಿಲ್ಲ, ಕೂಸಿನ ತಲೆ ಎತ್ತರಕ್ಕೆ ಹಿಡಿದುಕೊಂಡು ಡಾಕ್ಟರಮ್ಮನನ್ನು ಕೂಗಿದರು. ಅವರು ಓಡಿ ಬಂದರು. ಎಕ್ಸ್‌ರೇ ಆಯಿತು. ಅನ್ನನಾಳ ಕುತ್ತಿಗೆಯ ಕೆಳಗೆ ಮುಚ್ಚಿಹೋಗಿದೆ, ಅದರ ಕೆಳತುಂಡು ಹೋಗಿ ಉಸಿರುನಾಳಕ್ಕೆ ಕೂಡಿಕೊಂಡಿದೆ, ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಬೇಕು, ಇವತ್ತೇ ಹೊರಡಬೇಕು ಎಂದು ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು. ಏನೂ ಕುಡಿಸದೆ ಇದ್ದದ್ದರಿಂದ ಎದೆಯಲ್ಲಿ ಇನ್ನೂ ಕಫ ಕೂತಿಲ್ಲ, ಅದೊಂದು ನಮ್ಮ ಪುಣ್ಯ ಎಂದರು.

ಹಸಿ ಬಾಣಂತಿ ಅಂಬ್ಯುಲೆನ್ಸಿನಲ್ಲಿ ಕೂಡುವುದು ಬೇಡ ಎಂದರು ಎಲ್ಲರೂ. ನಾನು ಹಟ ಹಿಡಿದೆ. ಅಂಜುಬುರುಕಿಗೆ ಅಂದು ಎಲ್ಲಿಂದ ಬಂತೋ ಆ ಹಟ. ಕಡೆಗೆ ದೊಡ್ಡ ಸಿಸ್ಟರೇ ನನ್ನ ನಾಡಿ ನೋಡಿ, ಡಾಕ್ಟರಮ್ಮನನ್ನು ಒಂದು ಮಾತು ಕೇಳಿ, ಹತ್ತಿಸಿಕೊಂಡರು. ಅಲ್ಲಿತನಕ ಹೊರಗೆ ಕಾಯುತ್ತಿದ್ದ ಗಂಡ ಮುಂದೆ ಡ್ರೈವರಿನ ಪಕ್ಕ. ಹಿಂದೆ ನಾನು, ಅವರು, ಅವರ ತೋಳಿನಲ್ಲಿ ತಲೆ ಎತ್ತರವಾಗಿಟ್ಟ ನನ್ನ ಮಗಳು.

ಹಾವೇರಿಯಿಂದ ಹುಬ್ಬಳ್ಳಿಗೆ ಎಷ್ಟೋ ಸಲ ಹೋಗಿದ್ದೇನೆ, ಬಟ್ಟೆ ಖರೀದಿಗೆ, ಮದುವೆಗೆ. ಆ ದಿನ ಹೆದ್ದಾರಿ ಮುಗಿಯಲೇ ಇಲ್ಲ. ಸಕ್ಷನ್ ಮಷೀನು ಸುರ್ ಎಂದರೆ ಜೀವ ಬರುತ್ತಿತ್ತು, ಸುಮ್ಮನಾದರೆ ಜೀವ ಹೋಗುತ್ತಿತ್ತು. ಬಂಕಾಪುರ ದಾಟಿದ ಮೇಲೆ ಕೂಸು ಒಮ್ಮೆಲೇ ಕೆಮ್ಮಿ, ಕೈಕಾಲು ಸಡಿಲ ಬಿಟ್ಟು, ನೇರಳೆ ಬಣ್ಣಕ್ಕೆ ತಿರುಗಿತು. ನಾನು ಚೀರಿದೆನೋ ಇಲ್ಲವೋ ಗೊತ್ತಿಲ್ಲ. ಸಿಸ್ಟರ್ ಕೊಳವೆ ಹಾಕಿ ಎಳೆದರು, ಬೆನ್ನು ಉಜ್ಜಿದರು, ಆಕ್ಸಿಜನ್ ಮುಖಕ್ಕೆ ಹಿಡಿದರು. ಬಾಯಲ್ಲಿ ಬಾ ಅವ್ವಾ, ಬಾ ಅವ್ವಾ ಎಂದು ಒಂದೇ ಸಮ. ಅವಳು ಬಂದಳು. ಮೊದಲು ಮೂಗಿನ ತುದಿ ಕೆಂಪಾಯಿತು, ಆಮೇಲೆ ತುಟಿ. ಅಲ್ಲಿತನಕ ಒಂದಿಷ್ಟೂ ಅಲುಗದಿದ್ದ ಅವರ ಕೈ ಆಗ ನಡುಗಲು ಹತ್ತಿತು. ತಮ್ಮ ಮೊಣಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದು ಆ ನಡುಕ ಕೂಸಿಗೆ ತಾಗದಂತೆ ನೋಡಿಕೊಂಡರು.

“ಉಳೀತಾಳೇನ್ರಿ?” ಎಂದು ಕೇಳಿದೆ.

“ಗೊತ್ತಿಲ್ರಿ. ಈಗ ಉಸಿರಾಡಾಕತ್ತಾಳ. ಇದನ್ನ ಇಬ್ಬರೂ ನೋಡೂಣು.”

ಬೇರೆ ಯಾರಾದರೂ ಆಗಿದ್ದರೆ ಏನೂ ಆಗುವುದಿಲ್ಲ ಬಿಡಿ ಎನ್ನುತ್ತಿದ್ದರು, ಮತ್ತು ನಾನು ನಂಬುತ್ತಿರಲಿಲ್ಲ. ಅವರ ಮಾತನ್ನು ನಂಬಿದೆ. ಶಿಗ್ಗಾವಿಯಿಂದ ಹುಬ್ಬಳ್ಳಿತನಕ ಇಬ್ಬರೂ ಒಂದೇ ಎದೆಯನ್ನು ನೋಡುತ್ತ ಕೂತೆವು. ಅಷ್ಟು ಅಂಜಿಕೆಯನ್ನು ಒಬ್ಬಳೇ ಹೊರಬೇಕಾಗಿದ್ದರೆ ನಾನು ದಾರಿಯಲ್ಲೇ ಹುಚ್ಚಿಯಾಗುತ್ತಿದ್ದೆ.

ಆಪರೇಷನ್ ಆಯಿತು. ಬಲ ಪಕ್ಕೆಯ ಹಿಂದೆ ಕೊಯ್ದು, ಕೂಡಿಕೊಂಡದ್ದನ್ನು ಬಿಡಿಸಿ, ಬಿಟ್ಟುಹೋದದ್ದನ್ನು ಹೊಲಿದರು. ನಾನು ಗಾಜಿನ ಹೊರಗೆ ನಿಂತು ದಿನಗಳನ್ನು ಕಳೆದೆ. ಸಂಜೆಯಾದರೆ ಸಿಸ್ಟರ್ ಫೋನು ಬರುತ್ತಿತ್ತು. ಹೇಗಿದ್ದೀರಿ ಎನ್ನುವ ಪದ್ಧತಿ ಇಲ್ಲ, ಹೊಟ್ಟೆ ಮೆತ್ತಗಿದೆಯೋ, ಉಬ್ಬಿದೆಯೋ, ಉಸಿರು ಹೇಗಿದೆ, ಇವೇ ಪ್ರಶ್ನೆ. ಒಂದು ದಿನ ನಾನೇ ತಿರುಗಿ ಕೇಳಿದೆ, ನಿಮಗೆ ಇಷ್ಟು ಅಂಜಿಕೆ ಯಾಕೆ, ಹಿಂದೆ ಏನಾದರೂ ಆಗಿತ್ತೇ ಎಂದು. ಏನೋ ದೊಡ್ಡ ದುಃಖದ ಕಥೆ ಇರಬಹುದೆಂದು ಕಿವಿ ನೆಟ್ಟಗೆ ಮಾಡಿ ಕಾದೆ. ಏನೂ ಇಲ್ಲವಂತೆ. ತಾವು ಹಲ್ಲಿಗೂ ಅಂಜುತ್ತಾರಂತೆ, ಸಣ್ಣಂದಿನಿಂದ ಹಾಗೇ ಅಂತೆ. “ಕೂಸಿನ ಹತ್ರ ಅಂಜೋರ ಒಬ್ಬರು ಇರಬೇಕ್ರಿ. ಧೈರ್ಯ ಇದ್ದೋರು ನಿದ್ದಿ ಮಾಡ್ತಾರ,” ಎಂದು ಫೋನಿಟ್ಟರು.

ಬಾಯಿಂದ ಮೊದಲ ಹಾಲು ಕೊಡುವ ದಿನ ಗೊತ್ತಾದಾಗ ಅವರು ವಾರದ ರಜೆ ಹಾಕಿ ರೈಲಿಗೆ ಬಂದರು. ಅಬ್ಬಾನೂ ಬಂದಿದ್ದರು. ಜೇನು ತಂದಿರಲಿಲ್ಲ, ವರ್ಷ ತುಂಬುವತನಕ ಜೇನು ಕೂಡದು ಎಂದು ಡಾಕ್ಟರು ಹೇಳಿಯಾಗಿತ್ತು. ಅಲ್ಲಿಯ ನರ್ಸ್ ನನ್ನ ಹಾಲನ್ನು ಸಣ್ಣ ಬಟ್ಟಲಿನಲ್ಲಿ ತಂದು, ಚಮಚ ಯಾರ ಕೈಗೆ ಕೊಡಲಿ ಎಂದು ನೋಡಿದಳು. ನಾನು ಹಿಂದೆ ಸರಿದೆ. ನನ್ನ ಕೈಲಾಗುತ್ತಿರಲಿಲ್ಲ. ಎಲ್ಲರೂ ಅಬ್ಬಾನ ಕಡೆ ನೋಡಿದೆವು. ಅವರು ಕೈ ಚಾಚಲಿಲ್ಲ.

“ನಮ್ಮ ಮನ್ಯಾಗ ಮೊದಲನೇ ಹನಿ ಯಾರ ಹಾಕ್ತಾರ, ಅವರ ಗುಣ ಕೂಸಿಗೆ ಬರ್ತೈತಿ ಅಂತಾರ್ರಿ,” ಎಂದರು ದೊಡ್ಡ ಸಿಸ್ಟರಿಗೆ. “ನೀವ ಹಾಕ್ರಿ.”

“ಬ್ಯಾಡ್ರಿ ಯಜಮಾನ್ರ. ನನ್ನ ಗುಣ ಅಂದ್ರ ಅಂಜಿಕಿ ಒಂದ.”

“ಅದಕ್ಕ ಹೇಳಾಕತ್ತೇನ್ರಿ.”

 ಸಿಸ್ಟರ್ ಕೈ ತೊಳೆದುಕೊಂಡು ಬಂದು ಚಮಚ ತೆಗೆದುಕೊಂಡರು. ಅರ್ಧ ಚಮಚಕ್ಕೂ ಕಡಿಮೆ ಹಾಲು. ಕೂಸು ತುಟಿ ಚಪ್ಪರಿಸಿತು.  ಗಂಟಲು ಒಮ್ಮೆ ಅಲುಗಿತು. ಕೆಮ್ಮಲಿಲ್ಲ, ನೀಲಿಯಾಗಲಿಲ್ಲ, ಬಾಯಿ ತೆರೆದು ಇನ್ನೂ ಬೇಕೆಂದಿತು. ಸಿಸ್ಟರ್ ಚಮಚವನ್ನು ನರ್ಸಿನ ಕೈಗೆ ಕೊಟ್ಟು, ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟರು, ದಿನವೆಲ್ಲ ಕಳೆ ತೆಗೆದು ಬಂದವರ ಹಾಗೆ. ಅಬ್ಬಾ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು.

ಈಗ ಮಗಳಿಗೆ ಎಂಟು ವರ್ಷ. ಕೆಮ್ಮಿದರೆ ತಗಡು ಬಡಿದಂತೆ ಕೇಳಿಸುತ್ತದೆ. ಹೊಲಿದ ಜಾಗ ಸ್ವಲ್ಪ ಸಣ್ಣ ಇರುವುದರಿಂದ ತುತ್ತು ದೊಡ್ಡದಾದರೆ ಒಮ್ಮೊಮ್ಮೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾದಾಗಲೆಲ್ಲ ನಾನು ಫೋನು ಮಾಡುತ್ತಿದ್ದುದು ದೊಡ್ಡ ಸಿಸ್ಟರಿಗೆ. ನಿವೃತ್ತಿಯಾಗಿ ರಾಣೆಬೆನ್ನೂರಿನಲ್ಲಿ ಕೂತ ಮೇಲೂ ಮೊದಲ ರಿಂಗಿಗೇ ಎತ್ತುತ್ತಿದ್ದರು. ಮಾತು ಬರುತ್ತದೆಯೇ, ಉಗುಳು ಇಳಿಯುತ್ತದೆಯೇ, ನೆಟ್ಟಗೆ ಕೂಡಿಸಿ, ತಾನಾಗಿ ಇಳಿಯದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ನಡೆಯಿರಿ ಎನ್ನುವರು. ಇಳಿಯುವವರೆಗೆ ಫೋನು ಇಡುತ್ತಿರಲಿಲ್ಲ. ಆ ಕಡೆ ಅವರ ಉಸಿರು, ಈ ಕಡೆ ನನ್ನ ಉಸಿರು, ನಡುವೆ ನುಂಗಲು ಹೆಣಗುವ ಹುಡುಗಿ. ಅಂಜಬೇಡ ಎಂದು ಒಂದು ದಿನವೂ ಹೇಳಲಿಲ್ಲ.

ಹೋದ ತಿಂಗಳು ಅವರ ತಂಗಿಯ ಫೋನು ಬಂತು. ಬೆಳಿಗ್ಗೆ ಚಹಾ ಕುಡಿದು ಎದೆ ನೋವು ಎಂದರಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟರಂತೆ. ನಾವು ನಾಲ್ವರೂ, ಅಬ್ಬಾ ಸಮೇತ, ರಾಣೆಬೆನ್ನೂರಿಗೆ ಹೋದೆವು. ಮಣ್ಣು ಕೊಡುವಾಗ ಮಗಳೂ ಒಂದು ಹಿಡಿ ಹಾಕಿದಳು. ಅಬ್ಬಾ ಮಗುವಿನಂತೆ ಅತ್ತರು. ನನಗೆ ಮಾತ್ರ ಅಳು ಬರಲಿಲ್ಲ, ಎದೆಯಲ್ಲಿ ಏನೋ ಅಡ್ಡ ನಿಂತಿತ್ತು.

ಬೆಳಿಗ್ಗೆಯಿಂದ ಮಗಳು ಏನೂ ತಿಂದಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ಕರೆದುಕೊಂಡು ಹೋದೆವು. ಹಸಿದಿದ್ದಳು, ಗಡಿಬಿಡಿಯಿಂದ ರೊಟ್ಟಿ ಹರಿದು ಬಾಯಿಗೆ ಹಾಕಿದಳು, ಸಿಕ್ಕಿಕೊಂಡಿತು. ಕಣ್ಣು ಅಗಲವಾದವು, ಎದೆಯ ಮೇಲೆ ಕೈ ಹೋಯಿತು. ನನ್ನ ಕೈ ತಾನೇ ತಾನಾಗಿ ಫೋನು ತೆಗೆದು, ಅವರ ಹೆಸರು ಒತ್ತಲು ಹೊರಟು, ಅಲ್ಲೇ ನಿಂತಿತು. ಎಂಟು ವರ್ಷ ನನ್ನ ಅಂಜಿಕೆಯಲ್ಲಿ ಅರ್ಧ ಪಾಲು ಅವರು ಹೊತ್ತಿದ್ದರು ಎಂಬುದು ಆಗ ಗೊತ್ತಾಯಿತು. ಈಗ ಪೂರ್ತಿ ನನ್ನದೇ. ಫೋನು ಕೆಳಗಿಟ್ಟೆ. ಮಗಳನ್ನು ನೆಟ್ಟಗೆ ಕೂಡಿಸಿ, ಮಾತು ಬರುತ್ತದೆಯೇ ಎಂದು ಕೇಳಿದೆ. ಹೂಂ ಎಂದಳು. ಉಗುಳು ಇಳಿಯುತ್ತದೆಯೇ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು. ಅವಳ ಗಂಟಲನ್ನೇ ನೋಡುತ್ತ ಕೂತೆ. ಪಕ್ಕದ ಮೇಜಿನವರು ಊಟ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ನೋಡಲಿ ಎಂದುಕೊಂಡೆ. ಗಂಟಲು ಒಮ್ಮೆ ಏರಿ ಇಳಿಯಿತು. ಅವಳು ಉಸಿರು ಬಿಟ್ಟು, ಕಣ್ಣೊರೆಸಿಕೊಂಡು, ತಟ್ಟೆಯ ಕಡೆ ನೋಡಿದಳು.

“ಅಮ್ಮಿ, ಇನ್ನೊಂದ ರೊಟ್ಟಿ.”

ಆಗ ನನಗೆ ಅಳು ಬಂತು. ಅಳುತ್ತಲೇ ರೊಟ್ಟಿ ಹಾಕಿಸಿಕೊಂಡು, ಸಣ್ಣ ಸಣ್ಣ ತುಣುಕು ಮಾಡಿ ಅವಳ ಮುಂದಿಟ್ಟೆ.